ನಿರೀಕ್ಷಿತ ಉತ್ತರ

ಬೆಳಿಗ್ಗೆ ಎದ್ದಾಗಿನಿಂದ ಯಾರೋ ತನ್ನ ಬೆನ್ನ ಹಿಂದೆ ಕೂತು ಟಿಪ್ಪಣಿ ಬರೆದುಕೊಳ್ಳುತ್ತಿದ್ದಾರೆಂದು ಅವನಿಗೆ ಅನ್ನಿಸುತ್ತಿತ್ತು. ಗಡ್ಡ ಹೆರೆದುಕೊಳ್ಳುವಾಗ ಎಡಗೆನ್ನೆಯಿಂದ ಬಲಗೆನ್ನೆಗೆ ದಾಟುವ ಮುಂಚೆ ಒಂದು ಕ್ಷಣ ತಡೆದ. ಸುಲಭದಿಂದ ಕಠಿಣದ ಕಡೆಗೆ ಹೋಗುತ್ತಿದ್ದೇನೆಯೇ, ಗದ್ದವನ್ನು ಕೊನೆಗಿಟ್ಟುಕೊಂಡದ್ದು ಸರಿಯೇ ಎಂದು ಯೋಚಿಸಿದ. ಡಿಗ್ರಿ ಮುಗಿಸಿ ಮೇಷ್ಟ್ರಾಗಲು ಬರುವವರಿಗೆ ಭಾಷೆ ಮತ್ತು ಸಮಾಜ ವಿಷಯಗಳನ್ನು ಹೇಗೆ ಪಾಠ ಮಾಡಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಟ್ರೇನಿಂಗ್ ಕಾಲೇಜಿನಲ್ಲಿ ಹೇಳಿಕೊಡುತ್ತಿದ್ದವನಿಗೆ ಇಂಥ ಅನುಮಾನಗಳು ಕೆಮ್ಮು ನೆಗಡಿಯಂತೆ ಬಂದು ಹೋಗುವಂಥವು. ಆದರೆ ಇವತ್ತಿನದು ಹೋಗುತ್ತಿರಲಿಲ್ಲ. ಅಂಗಿಯ ಗುಂಡಿ ಹಾಕಿಕೊಂಡ, ಬಿಚ್ಚಿದ, ಬೇರೆ ಅಂಗಿ ತೊಟ್ಟ. ತಿಂಡಿಯ ತಟ್ಟೆಯ ಮುಂದೆ ಕೂತು ಚಮಚವನ್ನು ತಟ್ಟೆಯ ಅಂಚಿಗೆ ಸಮಾನಾಂತರವಾಗಿ ಇಟ್ಟ. ಆಸ್ಪತ್ರೆಯ ಕೌಂಟರಿನಲ್ಲಿ ದಿನಕ್ಕೆ ಇನ್ನೂರು ಜನರ ಹೆಸರು, ವಯಸ್ಸು, ಕಾಯಿಲೆಗಳನ್ನು ಮೂರೇ ಪ್ರಶ್ನೆಗಳಲ್ಲಿ ಕೇಳಿ ಮುಗಿಸುವ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದಳು. “ಏನ್ರೀ, ಕೂತು ಹತ್ತು ನಿಮಿಷ ಆಯ್ತು. ತಿಂಡಿ ತಿನ್ನೋಕೂ ಪೀಠಿಕೆ ಬೇಕಾ?” ಅವನು ನಕ್ಕ. ನಗಬೇಕಾದ ಜಾಗ ಅದು ಎಂದು ಗೊತ್ತಿದ್ದದ್ದರಿಂದ ನಕ್ಕ.

ವಿದ್ಯಾರ್ಥಿಗಳು ಅವನಿಗೆ ಸೋಪಾನ ಎಂದು ಹೆಸರಿಟ್ಟಿದ್ದರು. ಅದು ಅವನಿಗೂ ಗೊತ್ತಿತ್ತು, ಅವನಿಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು, ಹೀಗಾಗಿ ಎರಡೂ ಕಡೆಯವರು ಅತ್ಯಂತ ಮರ್ಯಾದೆಯಿಂದ ಇದ್ದರು. ಯಾವ ಪಾಠಕ್ಕೂ ಐದು ಸೋಪಾನ: ಪೀಠಿಕೆ, ಉದ್ದೇಶ ಕಥನ, ಮಂಡನೆ, ಪುನರಾವರ್ತನೆ, ಮನೆಗೆಲಸ. ಈ ಐದು ಮೆಟ್ಟಿಲುಗಳ ಬಗ್ಗೆ ಅವನು ಇನ್ನೂರ ನಲವತ್ತು ಪುಟದ ಕೈಪಿಡಿ ಬರೆದಿದ್ದ; ಹತ್ತಿದ ಮೇಲೆ ಎಲ್ಲಿಗೆ ತಲುಪುತ್ತೇವೆ ಎಂಬ ಪ್ರಶ್ನೆ ಆ ಪುಸ್ತಕದ ವ್ಯಾಪ್ತಿಗೆ ಬರುತ್ತಿರಲಿಲ್ಲ. ಪಾಠಯೋಜನೆಯ ಪುಟದಲ್ಲಿ ಎಡಗಡೆ ಮೇಷ್ಟ್ರು ಕೇಳುವ ಪ್ರಶ್ನೆ, ಬಲಗಡೆ ಮಕ್ಕಳ ‘ನಿರೀಕ್ಷಿತ ಉತ್ತರ’. ಹಿಂದಿನ ದಿನವೇ ಬರೆದು ಸಹಿ ಹಾಕಿಸಬೇಕು. ಮಕ್ಕಳು ಮಾರನೆಯ ದಿನ ಬಂದು ಆ ಉತ್ತರ ಹೇಳಿಬಿಟ್ಟರೆ ಪಾಠ ಯಶಸ್ವಿ. ಇಷ್ಟು ಸರಳವಾದದ್ದು ಒಬ್ಬ ಹೆಂಗಸಿಗೆ ಮಾತ್ರ ಹತ್ತು ತಿಂಗಳಾದರೂ ಪೂರ್ತಿ ತಲೆಗೆ ಹೋದಂತಿರಲಿಲ್ಲ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ ಹುಡುಗಿಯರ ನಡುವೆ ನಲವತ್ತೊಂದು ವರ್ಷದ ಅವಳನ್ನು ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದರು. ಅವಳು ಶಾಲೆಯೊಂದರಲ್ಲಿ ಹದಿನಾರು ವರ್ಷ ಪಾಠ ಮಾಡಿದವಳು. ಈಗ ಹೊಸ ನಿಯಮ ಬಂದಿತ್ತು. ತರಬೇತಿಯ ಪದವಿ ಇಲ್ಲದವರು ಬರುವ ಶಾಲಾ ವರ್ಷದಿಂದ ತರಗತಿಗೆ ಕಾಲಿಡುವಂತಿಲ್ಲ. ಇವತ್ತು ಅವಳ ಕೊನೆಯ ಪರೀಕ್ಷಾ ಪಾಠ, ಅವಳದೇ ಶಾಲೆಯಲ್ಲಿ. ಪಾಸಾಗದಿದ್ದರೆ ಕೆಲಸ ಹೋಯಿತು. ನಿನ್ನೆ ಸಂಜೆ ಹಾಸ್ಟೆಲಿನಿಂದ ಮಗಳು ಫೋನು ಮಾಡಿದ್ದಾಗ ಬಾಯಿತಪ್ಪಿ ಇದನ್ನು ಹೇಳಿದ್ದ. ಮಗಳು ಎಂಟು ಒಂಬತ್ತು ಹತ್ತು ಆ ಶಾಲೆಯಲ್ಲೇ ಓದಿದವಳು. “ಅಪ್ಪಾ, ನಮ್ಮ ಮಿಸ್‌ಗೆ ನೀವು ಪಾಠ ಮಾಡೋದು ಹೇಳ್ಕೊಡ್ತೀರಾ?” ಎಂದು ಕೇಳಿ ನಗಲು ಶುರುಮಾಡಿದಳು. ಅವಳು ಸುಧಾರಿಸಿಕೊಳ್ಳಲಿ ಎಂದು ಫೋನು ಹಿಡಿದು ಕಾದ. ಅವಳು ನಗುತ್ತಲೇ, “ಸಾರಿ ಅಪ್ಪಾ, ಆಮೇಲೆ ಮಾಡ್ತೀನಿ,” ಎಂದು ಇಟ್ಟುಬಿಟ್ಟಳು. ಆಮೇಲೆ ಮಾಡಲಿಲ್ಲ.

ಹೊರಗಿನ ಪರೀಕ್ಷಕಿ ಶಾಲೆಯ ಗೇಟಿನಲ್ಲೇ ಸಿಕ್ಕಳು. ಬೇರೆ ಕಾಲೇಜಿನವಳು, ಅವನಿಗಿಂತ ಹದಿನೈದು ವರ್ಷ ಚಿಕ್ಕವಳು, ಬಗಲಲ್ಲಿ ನೀರಿನ ಬಾಟಲಿ, ಕೈಯಲ್ಲಿ ಆಗಲೇ ಬಿಡಿಸಿಟ್ಟ ಅಂಕಪಟ್ಟಿ. “ನಿಮ್ಮ ಪುಸ್ತಕ ಓದೇ ಸರ್ ನಾನು ಪಾಸಾಗಿದ್ದು. ಓದಿ ಅಂದ್ರೆ, ಬಾಯಿಪಾಠ ಮಾಡಿ,” ಎಂದಳು. ಹೊಗಳಿಕೆಯೋ ಅಲ್ಲವೋ ಎಂದು ಅವನು ಮೆಟ್ಟಿಲು ಹತ್ತುತ್ತ ತೂಗಿ ನೋಡಿದ. ಹೊಗಳಿಕೆ ಎಂದೇ ತೀರ್ಮಾನಿಸಿದ. ಒಂಬತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಇಬ್ಬರೂ ಕೂತರು. ಅವನ ಮೊಣಕಾಲು ಮುಂದಿನ ಬೆಂಚಿಗೆ ತಾಗುತ್ತಿತ್ತು. ಬೆಂಚಿನ ಮೇಲೆ ಯಾರೋ ಕೈವಾರದ ಮೊನೆಯಿಂದ ಒಂದು ಕಣ್ಣು ಕೆತ್ತಿದ್ದರು. ದೊಡ್ಡಕ್ಕ ಒಳಗೆ ಬಂದಳು. ಕೈಯಲ್ಲಿ ಚಾರ್ಟು, ಕೋಲು, ಎರಡು ಬಣ್ಣದ ಸೀಮೆಸುಣ್ಣ. ಇಸ್ತ್ರಿಯ ಗೆರೆ ಮುರಿಯದ ಬಟ್ಟೆ. ಮಕ್ಕಳ ಮುಖಗಳು ಅವಳನ್ನು ಕಂಡದ್ದೇ ಅರಳಿ, ಅವಳು ಬಾಯಿಬಿಟ್ಟದ್ದೇ ಗಲಿಬಿಲಿಗೊಂಡವು. “ಮಕ್ಕಳೇ, ಈ ಚಿತ್ರದಲ್ಲಿ ನಿಮಗೆ ಏನು ಕಾಣುತ್ತಿದೆ?” ಎಂದು ಅವಳು ರೇಡಿಯೋದಲ್ಲಿ ಹವಾಮಾನ ಓದುವವರ ದನಿಯಲ್ಲಿ ಕೇಳಿದಳು. ಚಿತ್ರದಲ್ಲಿ ಹಾರುವ ಹಕ್ಕಿಗಳಿದ್ದವು. ಪಾಠ ವಲಸೆಯದು. ಯೋಜನೆಯ ಪ್ರತಿ ಅವನ ಮುಂದೆಯೇ ಇತ್ತು, ಹಕ್ಕಿಗಳನ್ನು ಸೂಚಿಸಿದ್ದು ಅವನೇ, ಕೆಂಪು ಶಾಯಿಯಲ್ಲಿ. ನಿರೀಕ್ಷಿತ ಉತ್ತರ: ಹಕ್ಕಿಗಳು ಹಾರುತ್ತಿವೆ.

ಎರಡನೇ ಬೆಂಚಿನ, ಎರಡು ಜಡೆಯ ಹುಡುಗಿ ಮೆಲ್ಲಗೆ ಎದ್ದು ನಿಂತಳು.

“ಮಿಸ್, ನಿಮಗೆ ಮೈ ಹುಷಾರಿಲ್ವಾ?”

“ಒಳ್ಳೆಯ ಪ್ರಯತ್ನ,” ಎಂದಳು ದೊಡ್ಡಕ್ಕ. “ಬೇರೆ ಯಾರಾದರೂ?”

ತಪ್ಪು ಉತ್ತರ ಕೊಟ್ಟ ಮಗುವಿಗೆ ‘ಒಳ್ಳೆಯ ಪ್ರಯತ್ನ’ ಎನ್ನಬೇಕು; ಕೈಪಿಡಿಯ ತೊಂಬತ್ತೊಂದನೇ ಪುಟ. ಹುಡುಗಿ ಇನ್ನೂ ನಿಂತೇ ಇದ್ದಳು. ಅವಳ ಮುಖದಲ್ಲಿದ್ದದ್ದು ಭಯ. ಮನೆಗೆ ಬಂದ ತಾಯಿ ತನ್ನನ್ನು ಗುರುತು ಹಿಡಿಯದೆ ನೀನು ಯಾರ ಮಗು ಎಂದು ಕೇಳಿದರೆ ಆಗುವಂಥದು. ಆಮೇಲೆ ಎಲ್ಲ ಸಾಂಗವಾಗಿ ನಡೆಯಿತು. “ಇಂದು ನಾವು ವಲಸೆಯ ಕಾರಣಗಳು ಮತ್ತು ಪರಿಣಾಮಗಳನ್ನು ತಿಳಿಯೋಣ” ಎಂಬ ಉದ್ದೇಶ ಕಥನ ನಾಲ್ಕನೇ ನಿಮಿಷಕ್ಕೆ ಬಂತು, ಬರಬೇಕಾದದ್ದು ನಾಲ್ಕನೇ ನಿಮಿಷಕ್ಕೇ. ಹಲಗೆಯ ಎಡಗಡೆ ಕಾರಣ, ಬಲಗಡೆ ಪರಿಣಾಮ, ನಡುವೆ ಸ್ಕೇಲಿಟ್ಟು ಎಳೆದ ಗೆರೆ. ಮಕ್ಕಳು ಮಿಸ್‌ಗೆ ಏನೋ ಆಗಿದೆ, ಹಿಂದೆ ಕೂತಿರುವ ಈ ಇಬ್ಬರಿಂದಲೇ ಆಗಿದೆ ಎಂದು ಹೇಗೋ ತಿಳಿದುಕೊಂಡು, ಅವಳನ್ನು ಕಾಪಾಡಲು ಪಠ್ಯಪುಸ್ತಕದ ವಾಕ್ಯಗಳನ್ನೇ ಎದ್ದೆದ್ದು ಒಪ್ಪಿಸಿದರು. ಒಂದೂ ತಪ್ಪಿಲ್ಲ. ಅವನು ಒಂದೊಂದು ಸೋಪಾನಕ್ಕೂ ಗುರುತು ಹಾಕುತ್ತ ಹೋದ, ಹಾಕುತ್ತ ಹಾಕುತ್ತ ಅವನ ಗುರುತುಗಳು ಚಿಕ್ಕದಾಗುತ್ತ ಬಂದವು.

ಯಾಕೆಂದರೆ ಇದೇ ಪಾಠವನ್ನು ಅವಳು ಮಾಡಿದ್ದನ್ನು ಅವನು ಮೊದಲೇ ನೋಡಿದ್ದ. ಐದು ತಿಂಗಳ ಹಿಂದೆ, ಬೇರೊಂದು ಶಾಲೆಯಲ್ಲಿ, ಅವಳ ಮೊದಲ ಅಭ್ಯಾಸ ಪಾಠ, ಅವನು ಬರುವುದು ತಡವಾಗಿ ಕಾರಿಡಾರಿನ ಕಿಟಕಿಯಲ್ಲೇ ನಿಂತುಬಿಟ್ಟಿದ್ದ. ಬೆಂಚುಗಳೆಲ್ಲ ಗೋಡೆಗೆ ಸರಿದಿದ್ದವು. ಅರ್ಧ ತರಗತಿ ಒಂದು ಊರು, ಇನ್ನರ್ಧ ಇನ್ನೊಂದು ಊರು. “ನಾಳೆ ಬೆಳಿಗ್ಗೆ ಹೊರಡ್ಬೇಕು, ಒಂದೇ ಚೀಲ, ಏನೇನ್ ತಗೊಳ್ತೀರಿ?” ಎಂದು ಅವಳು ಕೇಳಿದ್ದಳು. ಮಕ್ಕಳು ಜಗಳವಾಡುತ್ತಿದ್ದರು. ಒಬ್ಬ ನಾಯಿಯನ್ನು ಚೀಲದಲ್ಲಿ ಹಾಕಬಹುದೇ ಎಂದ. ಒಬ್ಬಳು ಅಜ್ಜಿಯನ್ನು ಕರೆದುಕೊಂಡು ಹೋಗಬೇಕಾ ಬಿಟ್ಟುಹೋಗಬೇಕಾ ಎಂದು ಕೇಳಿದಳು. ಜಗಳವಾಡುತ್ತಿದ್ದವರೂ ಅವಳ ಕಡೆ ತಿರುಗಿದರು. “ನೀನೇ ಹೇಳು. ಬಿಟ್ಟುಹೋದ್ರೆ ಏನಾಗುತ್ತೆ?” ಎಂದು ದೊಡ್ಡಕ್ಕ ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾದಳು. ಎಷ್ಟು ಹೊತ್ತು ಕಾದಳೆಂದರೆ, ಕಿಟಕಿಯಾಚೆ ನಿಂತ ಅವನಿಗೆ ಸಹಿಸಲಾಗಲಿಲ್ಲ. ಕಾಯುವುದು ಅವನಿಗೆ ಎಂದೂ ಬಂದಿರಲಿಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ, ಏಳನೇ ತರಗತಿಯ ಮುಂದೆ ನಿಂತು, ಪ್ರಶ್ನೆ ಕೇಳಿ, ಉತ್ತರ ಬರುವ ಮೊದಲೇ ತಾನೇ ಹೇಳಿಬಿಡುತ್ತಿದ್ದ. ಮಕ್ಕಳು ಮೊದಲು ಸುಮ್ಮನಿದ್ದರು, ಆಮೇಲೆ ತಮ್ಮತಮ್ಮಲ್ಲಿ ಮಾತಾಡಿಕೊಂಡರು, ಆಮೇಲೆ ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ಆಟವಾಡಿಕೊಂಡರು. ಒಂದು ದಿನ ಗದ್ದಲ ಕೇಳಿ ಹೆಡ್‌ಮೇಷ್ಟ್ರು ಒಳಗೆ ಬಂದರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಕ್ಕಳೆದುರೇ ಅವನ ಹೆಗಲ ಮೇಲೆ ಕೈಯಿಟ್ಟು, “ನೀವು ಸ್ವಲ್ಪ ಕೂತ್ಕೊಳ್ಳಿ ಮೇಷ್ಟ್ರೇ, ನಾನು ನೋಡ್ಕೋತೀನಿ,” ಎಂದರು. ಅವನು ಕೂತ. ಎರಡು ವರ್ಷ ಹೇಗೋ ತಳ್ಳಿ, ಸ್ನಾತಕೋತ್ತರ ಪದವಿ, ಅದರ ಮೇಲೊಂದು ಡಾಕ್ಟರೇಟು ಮಾಡಿ, ಮಕ್ಕಳೇ ಇಲ್ಲದ ಕಾಲೇಜಿಗೆ ಸೇರಿಕೊಂಡ. ಪಾಠ ಮಾಡಲು ಬಾರದವನು ಪಾಠ ಮಾಡುವುದನ್ನು ಹೇಳಿಕೊಡಬಾರದು ಎಂಬ ನಿಯಮ ಎಲ್ಲೂ ಇರಲಿಲ್ಲ. ಆ ದಿನ ಕಿಟಕಿಯ ಬಳಿ, ಅಜ್ಜಿಯ ಬಗ್ಗೆ ಆ ಹುಡುಗಿ ಏನು ಹೇಳುತ್ತಾಳೆಂದು ತಿಳಿಯುವ ಆಸೆ ಅವನಿಗೆ ಎಷ್ಟಿತ್ತೆಂದರೆ, ಅದಕ್ಕಾಗಿಯೇ ಅವನಿಗೆ ಸಿಟ್ಟು ಬಂತು. ಒಳಗೆ ಹೋಗಿ ಕೂತು, ನೂರಕ್ಕೆ ಮೂವತ್ತನಾಲ್ಕು ಕೊಟ್ಟ. ಪೀಠಿಕೆ ಕಂಡುಬರುವುದಿಲ್ಲ. ಕಪ್ಪುಹಲಗೆಯ ಬಳಕೆ ಶೂನ್ಯ. ತರಗತಿಯಲ್ಲಿ ಗದ್ದಲ. ಅವಳು ಓದಿ, “ಕಲ್ತ್ಕೊಳ್ತೀನಿ ಸರ್,” ಎಂದಳು. ಕಲಿತುಕೊಂಡಳು.

ಪಾಠ ಮುಗಿದು ಮಕ್ಕಳು ಹೊರಗೆ ಹೋದರು. ದೊಡ್ಡಕ್ಕ ಚಾರ್ಟು ಸುತ್ತಿಕೊಂಡು ಅವನ ಹತ್ತಿರ ಬಂದಳು. ಮೇಲ್ದುಟಿಯ ಮೇಲೆ ಬೆವರು. “ಸರ್, ಐದೂ ಸೋಪಾನ ಬಂತಲ್ವಾ?”

“ಬಂತು,” ಎಂದ.

“ಸಮಯ?”

“ಸರಿಯಾಗಿತ್ತು.”

ಅವಳು ಉಸಿರು ಬಿಟ್ಟಳು, ಈಜು ಬಾರದವರು ದಡ ಸಿಕ್ಕಾಗ ಬಿಡುವ ಉಸಿರು.

ಸ್ಟಾಫ್ ರೂಮಿನಲ್ಲಿ ಪರೀಕ್ಷಕಿ ನೀರು ಕುಡಿದು, ಬಾಟಲಿಯ ಮುಚ್ಚಳ ತಿರುಗಿಸಿ, ಅಂಕಪಟ್ಟಿಯನ್ನು ಅವನ ಕಡೆ ತಳ್ಳಿದಳು. ಮೂವತ್ತೆಂಟು. ಅವನದು ಎಪ್ಪತ್ತೆರಡು. “ಸರ್, ಕೋಪ ಮಾಡ್ಕೋಬೇಡಿ, ಅದರಲ್ಲಿ ಜೀವಾನೇ ಇಲ್ವಲ್ಲ. ಹದಿನಾರು ವರ್ಷ ಪಾಠ ಮಾಡಿದೋರಂತೆ. ಹದಿನಾರು ವರ್ಷ ಆ ಮಕ್ಕಳು ಹೇಗೆ ತಡ್ಕೊಂಡ್ರೋ ಪಾಪ. ಆ ಹುಡುಗಿ ಹುಷಾರಿಲ್ವಾ ಅಂತ ಕೇಳಿದ್ರೆ ಒಳ್ಳೆಯ ಪ್ರಯತ್ನ ಅಂತಾರೆ!” ಅವಳು ನಕ್ಕಳು. ತೊಂಬತ್ತೊಂದನೇ ಪುಟ ಅವಳಿಗೆ ನೆನಪಿರಲಿಲ್ಲ. ಬಾಯಿಪಾಠ ಮಾಡಿದ್ದು ಹೆಚ್ಚು ದಿನ ಉಳಿಯುವುದಿಲ್ಲ. ಇಬ್ಬರ ಅಂಕಗಳ ನಡುವೆ ಇಪ್ಪತ್ತಕ್ಕಿಂತ ಹೆಚ್ಚು ವ್ಯತ್ಯಾಸ ಇರಕೂಡದು. ಇದ್ದರೆ ಇಬ್ಬರೂ ಮಾತಾಡಿಕೊಂಡು ಒಂದು ಅಂಕಕ್ಕೆ ಬರಬೇಕು. ಬರದಿದ್ದರೆ ಕಾಲೇಜಿನ ಪರೀಕ್ಷಕ ಕಾರಣ ಬರೆದು ಕೊಡಬೇಕು, ಅಂದೇ ಇನ್ನೊಂದು ಪಾಠ ನೋಡಬೇಕು. “ನೀವು ಸ್ವಲ್ಪ ಕೆಳಗೆ ಬನ್ನಿ ಸರ್, ನಾನು ಸ್ವಲ್ಪ ಮೇಲೆ ಬರ್ತೀನಿ. ನಲವತ್ತರಲ್ಲಿ ಮುಗಿಸೋಣ. ಪಾಸಿಗೆ ಐವತ್ತು ಬೇಕು, ಫೇಲಾಗುತ್ತೆ, ಮುಂದಿನ ವರ್ಷ ಮತ್ತೆ ಬರಲಿ. ನನಗೂ ಎರಡೂವರೆ ಬಸ್ಸಿದೆ.”

ಅವನು ಪೆನ್ನು ತೆಗೆದ. ನಲವತ್ತು ಎಂದು ಬರೆಯುವುದು ಎಷ್ಟು ಸುಲಭವಾಗಿತ್ತೆಂದರೆ ಕೈ ಆಗಲೇ ನಾಲ್ಕರ ಮೊದಲ ಗೆರೆ ಎಳೆಯಲು ಸಿದ್ಧವಾಗಿತ್ತು. ಸೊನ್ನೆ ಬರೆಯಲು ಯಾರಿಗೆ ತಾನೇ ಕಷ್ಟ. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಅವಳೂ ಕೇಳುತ್ತಿರಲಿಲ್ಲ, ನಾನು ಇನ್ನೂ ಕಲಿಯಬೇಕಿತ್ತು ಸರ್ ಎಂದು ಅವಳೇ ಹೇಳಿ, ಮನೆಗೆ ಹೋಗಿ, ಕೆಲಸ ಕಳೆದುಕೊಳ್ಳುತ್ತಿದ್ದಳು. ಇದನ್ನು ಯೋಚಿಸಿದಾಗ ಅವನಿಗೆ ತನ್ನ ಬಗ್ಗೆ ಹೇಸಿಗೆಯಾಗಬೇಕಿತ್ತು. ಆದದ್ದು ಮಾತ್ರ ಒಂದು ಬಗೆಯ ನೆಮ್ಮದಿ, ಹೇಸಿಗೆ ಆ ನೆಮ್ಮದಿಯ ಬಗ್ಗೆ ಆಯಿತು. “ಕಾರಣ ಬರೀತೀನಿ,” ಎಂದ. ಪರೀಕ್ಷಕಿ ಗಡಿಯಾರ ನೋಡಿ, ಅವನನ್ನು ನೋಡಿ, ಮತ್ತೆ ಗಡಿಯಾರ ನೋಡಿದಳು. ಕಾರಣಕ್ಕೆ ಮೂರು ಗೆರೆ ಜಾಗ ಬಿಟ್ಟಿದ್ದರು. ಮೊದಲು, ‘ಪ್ರಶಿಕ್ಷಣಾರ್ಥಿಯ ನಿರ್ವಹಣೆಯಲ್ಲಿ ಕಂಡುಬಂದ ನ್ಯೂನತೆಗಳು ಯೋಜನಾ ಹಂತಕ್ಕೆ ಸಂಬಂಧಿಸಿದವಾಗಿದ್ದು’ ಎಂದು ಬರೆದ. ಓದಿದ. ಯಾರ ಯೋಜನೆ ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಅದಕ್ಕಾಗಿಯೇ ಅಷ್ಟು ಚೆನ್ನಾಗಿ ಬಂದಿತ್ತು ವಾಕ್ಯ. ಹೊಡೆದುಹಾಕಿದ. ಉಳಿದ ಜಾಗದಲ್ಲಿ, ಅಕ್ಷರ ಚಿಕ್ಕದು ಮಾಡಿ, ಬರೆದ: ‘ಇವರಿಗೆ ಪಾಠ ಮಾಡಲು ಬರುತ್ತದೆ. ನನಗೆ ಬರುವುದಿಲ್ಲ. ಬೆಳಿಗ್ಗೆ ಇವರು ಮಾಡಿದ್ದು ನನ್ನ ಪಾಠ.’

ಪರೀಕ್ಷಕಿ ಎರಡು ಸಲ ಓದಿದಳು. “ಇದು ಫೈಲಿಗೆ ಹೋಗುತ್ತೆ ಸರ್.”

“ಗೊತ್ತು.”

“ಸ್ವಲ್ಪ ಶೈಕ್ಷಣಿಕವಾಗಿ ಬರೀಬಹುದಿತ್ತೇನೋ.”

“ಅದೇ ಬರ್ದು ಬರ್ದು ಹೀಗಾಗಿದೆ,” ಎಂದ. ಇದು ಚಮತ್ಕಾರದ ಮಾತಾಯಿತಲ್ಲ ಎಂದು ಕೂಡಲೇ ನಾಚಿಕೆಯಾಯಿತು. ತಪ್ಪೊಪ್ಪಿಗೆಯಲ್ಲೂ ಚೆನ್ನಾಗಿ ಕಾಣಿಸಿಕೊಳ್ಳುವ ಆಸೆ ಬಿಟ್ಟಿರಲಿಲ್ಲ.

ದೊಡ್ಡಕ್ಕ ಶಾಲೆಯ ಹಿಂದಿನ ಜಗಲಿಯಲ್ಲಿ ಕೂತು ಊಟದ ಡಬ್ಬಿ ತೆರೆಯುತ್ತಿದ್ದಳು. ಅವಳು ಧನ್ಯವಾದ ಹೇಳುತ್ತಾಳೆ, ಬಹುಶಃ ಕಣ್ಣೂ ಒದ್ದೆಯಾಗಬಹುದು, ಆಗ ತಾನು ‘ಇರಲಿ ಬಿಡಿ’ ಎನ್ನಬೇಕು ಎಂದು ದಾರಿಯಲ್ಲೇ ಯೋಜನೆ ಹಾಕಿಕೊಂಡಿದ್ದ. ಎಲ್ಲ ಹೇಳಿದ. ಮಧ್ಯಾಹ್ನ ಇನ್ನೊಂದು ಪಾಠ, ಎಂಟನೇ ತರಗತಿ, ಪಾಠ ಯಾವುದೆಂದು ಪರೀಕ್ಷಕಿ ಅಲ್ಲೇ ಹೇಳುತ್ತಾಳೆ, ಯೋಜನೆ ಬೇಡ, ಸೋಪಾನ ಬೇಡ, ನೀವು ಮೊದಲು ಹೇಗೆ ಮಾಡ್ತಿದ್ರೋ ಹಾಗೆ ಮಾಡಿ. ಅವಳು ಡಬ್ಬಿಯ ಮುಚ್ಚಳವನ್ನು ಮತ್ತೆ ಹಾಕಿದಳು.

“ಫೇಲಾದೆ ಅಂತಾಯ್ತು.”

“ಹಾಗಲ್ಲಮ್ಮಾ, ತಪ್ಪು ನನ್ನದು. ನಾನೇ ಬರ್ದು ಕೊಟ್ಟಿದೀನಿ.”

“ಬರ್ದು ಕೊಟ್ರಾ.” ಅವಳ ದನಿ ಏರಲಿಲ್ಲ. “ಸರ್, ಐದು ತಿಂಗಳು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದೀನಿ. ಮಕ್ಕಳು ಏನಾದ್ರೂ ಕೇಳಿದ್ರೆ ಬಾಯಿಗೆ ಬಂದಿದ್ದನ್ನ ನುಂಗಿ, ನೀವು ಹೇಳಿದ್ದು ಹೇಳೋದು ಕಲ್ತೆ. ಮನೇಲಿ ಮಗ ಹಸಿವು ಅಂದ್ರೆ ಒಳ್ಳೆಯ ಪ್ರಯತ್ನ ಅಂತೀನಿ ಈಗ. ನಗ್ಬೇಡಿ.”

“ನಗ್ತಿಲ್ಲ.”

“ನನಗೆ ಏನು ಬರ್ತಿತ್ತೋ ಅದು ಹೋಗ್ಲಿ ಅಂತ ಅಷ್ಟು ಕಷ್ಟಪಟ್ಟಿದೀನಿ. ಈಗ ಮುಕ್ಕಾಲು ಗಂಟೇಲಿ ವಾಪಸ್ ತರ್ಬೇಕಾ? ಎಲ್ಲಿಂದ ತರ್ಲಿ? ನೀವು ಇಟ್ಕೊಂಡಿದೀರಾ?”

ಅವಳು ಕಾಯುತ್ತಿದ್ದಳು. ಅವಳು ಕಾಯುವ ರೀತಿ ಅವನಿಗೆ ಗೊತ್ತಿತ್ತು. ಕೊನೆಗೆ, “ಇಲ್ಲ. ನನ್ನ ಹತ್ರ ಇಲ್ಲ,” ಎಂದ. “ಹೋಗಿ ಸರ್,” ಎಂದಳು ಅವಳು, “ಊಟ ಮಾಡ್ಬೇಕು ನಾನು.” ಅವನು ಹೋದ. ಕಾರಿಡಾರಿನಲ್ಲಿ ಎದುರಾದ ಮಕ್ಕಳು ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟು, ಅವನು ದಾಟಿದ ಮೇಲೆ ಒಟ್ಟಾಗಿ, “ಒಳ್ಳೆಯ ಪ್ರಯತ್ನ!” ಎಂದು ಪಿಸುಗುಟ್ಟಿದರು.

ಪರೀಕ್ಷಕಿ ಭಾಷೆಯ ಪುಸ್ತಕ ತೆರೆದು, ಅದರಲ್ಲಿದ್ದ ಅತ್ಯಂತ ಒಣಕಲು ಪುಟಕ್ಕೆ ಬೆರಳಿಟ್ಟಳು: ಅರ್ಜಿ ಬರೆಯುವ ಕ್ರಮ. ಎಂಟನೇ ತರಗತಿಯ ಕೋಣೆ ಸೆಕೆಯಿಂದ ತುಂಬಿತ್ತು, ಫ್ಯಾನು ತಿರುಗಬೇಕೋ ಬೇಡವೋ ಎಂದು ಯೋಚಿಸುತ್ತ ತಿರುಗುತ್ತಿತ್ತು. ದೊಡ್ಡಕ್ಕ ಬರಿಗೈಯಲ್ಲಿ ಬಂದು ನಿಂತಳು. “ಮಕ್ಕಳೇ, ಈ ಚಿತ್ರದಲ್ಲಿ” ಎಂದು ಅವಳ ಬಾಯಿ ತಾನಾಗಿ ಶುರುಮಾಡಿತು. ಬಲಗೈ ಮೇಲೆದ್ದಿತು, ಕೈಯಲ್ಲಿ ಚಿತ್ರವಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡ. ಎಲ್ಲೋ ಒಂದು ಕಿಸಕ್ಕೆಂಬ ನಗು, ಆಮೇಲೆ ಇಡೀ ಕೋಣೆ, ಆಮೇಲೆ, ಅವನು ಕಣ್ಣು ತೆರೆದಾಗ, ದೊಡ್ಡಕ್ಕನೂ ತನ್ನ ಖಾಲಿ ಕೈ ನೋಡಿಕೊಂಡು ನಗುತ್ತಿದ್ದಳು. ಕೈ ಇಳಿಸಿ ಮೇಜಿನ ಅಂಚಿಗೆ ಒರಗಿದಳು. “ಆಯ್ತು, ಚಿತ್ರ ಇಲ್ಲ. ಈ ಸ್ಕೂಲಲ್ಲಿ ಏನೇನಿಲ್ಲ ಹೇಳಿ.” ಗಾಳಿ ಬರೋ ಫ್ಯಾನು, ಚೆಂಡು, ಎರಡನೇ ಗಂಟೆಯ ಲೆಕ್ಕದ ಮೇಷ್ಟ್ರು, ಬುದ್ಧಿ ಎಂದೆಲ್ಲ ಬಂತು. ಕಿಟಕಿಯ ಪಕ್ಕದ ಹುಡುಗಿಯೊಬ್ಬಳು, ಎದ್ದು ನಿಲ್ಲದೆ, ಬೆಂಚಿಗೆ ಹೇಳುವಂತೆ ಹೇಳಿದಳು: “ನಮ್ಮ ಟಾಯ್ಲೆಟ್ ಬಾಗಿಲಿಗೆ ಚಿಲಕ ಇಲ್ಲ ಮಿಸ್.” ಹುಡುಗರು ನಗಲು ನೋಡಿ, ದೊಡ್ಡಕ್ಕನ ಮುಖ ಕಂಡು ಬಿಟ್ಟರು. “ಎಷ್ಟು ದಿನದಿಂದ?” “ಆರನೇ ಕ್ಲಾಸಿಂದ. ಒಬ್ರು ಹೋದ್ರೆ ಇನ್ನೊಬ್ರು ಹೊರಗೆ ಬಾಗಿಲು ಹಿಡ್ಕೊಂಡು ನಿಲ್ತೀವಿ.” ದೊಡ್ಡಕ್ಕ ಕಾದಳು. “ಹೆಡ್‌ಮಿಸ್‌ಗೆ ಅರ್ಜಿ ಬರೆಯೋಣ. ಬರೀರಿ. ಎಲ್ಲರೂ.”

ಹುಡುಗಿ ಬರೆದದ್ದನ್ನು ಹಲಗೆಯ ಮೇಲೆ ಹಾಕಿದರು. ‘ದಯವಿಟ್ಟು ಕ್ಷಮಿಸಬೇಕು’ ಎಂದು ಶುರುವಾಗಿತ್ತು. “ಯಾಕೆ ಕ್ಷಮಿಸ್ಬೇಕು? ಚಿಲಕ ಕಿತ್ತಿದ್ದು ನೀನಾ?” “ಅಲ್ಲ ಮಿಸ್, ಅರ್ಜಿ ಅಂದ್ರೆ ಹಾಗೆ ಬರೀಬೇಕು ಅಂತ.” “ಯಾರು ಹೇಳಿದ್ದು?” ಹುಡುಗಿಗೆ ಗೊತ್ತಿರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆ ವಾಕ್ಯ ಹೋಯಿತು. ಮುಂದಿನದು: ‘ಬಾಗಿಲಿಗೆ ಚಿಲಕವನ್ನು ಹಾಕಿಸಿಕೊಡಬೇಕಾಗಿ ವಿನಂತಿ.’ ದೊಡ್ಡಕ್ಕ ಸೀಮೆಸುಣ್ಣದಿಂದ ಅದರ ಕೆಳಗೆ ಗೆರೆ ಎಳೆದಳು. “ಚೆನ್ನಾಗಿದೆ. ಈಗ ಇದನ್ನ ಸರಿಯಾಗಿ ನೋಡಿ. ಇದರಲ್ಲಿ ಕೇಳ್ತಿರೋದು ಯಾರು?” ಮಕ್ಕಳು ನೋಡಿದರು. ಹಿಂದಿನ ಬೆಂಚಿನಲ್ಲಿ ಅವನೂ ನೋಡಿದ. ತಾನು ಇಪ್ಪತ್ತೆರಡು ವರ್ಷ ಬರೆದದ್ದೆಲ್ಲ ಇಂಥ ವಾಕ್ಯಗಳೇ, ಕಂಡುಬರುವುದಿಲ್ಲ, ಕೋರಲಾಗಿದೆ, ಸೂಚಿಸಲಾಗಿದೆ, ಅವುಗಳೊಳಗೆ ಯಾರಿದ್ದರು? ಅವನು ಆ ಗೆರೆಯ ಮೇಲಿನ ಪದಗಳನ್ನು ಒಂದೊಂದಾಗಿ ಹುಡುಕುತ್ತ ಹೋದ, ಮೈಯೆಲ್ಲ ಬಿಸಿಯಾಯಿತು, ಮತ್ತು ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಜೋರಾಗಿ ಕೂಗಿಬಿಟ್ಟಿದ್ದ.

“ಯಾರೂ ಇಲ್ಲ!”

ನಲವತ್ತು ತಲೆಗಳು ಹಿಂದಕ್ಕೆ ತಿರುಗಿದವು. ದೊಡ್ಡಕ್ಕ ಸೀಮೆಸುಣ್ಣ ಹಿಡಿದೇ ಅವನನ್ನು ನೋಡಿದಳು.

“ಸರ್, ಕೈ ಎತ್ತಿ ಹೇಳ್ಬೇಕು. ಬೇರೆಯವರಿಗೂ ಸ್ವಲ್ಪ ಅವಕಾಶ ಕೊಡಿ.”

ನಗು ಚಾವಣಿಗೆ ಮುಟ್ಟಿತು. ಪರೀಕ್ಷಕಿ ಬಾಟಲಿಯಿಂದ ಬಾಯಿ ಮುಚ್ಚಿಕೊಂಡಳು. ಅವನ ಕಿವಿಗಳು ಕೆಂಪಾದವು, ಇಷ್ಟು ಜನ ಒಟ್ಟಿಗೆ ತನ್ನನ್ನು ನೋಡಿ ನಕ್ಕದ್ದು ಮೇಷ್ಟ್ರ ಕೆಲಸ ಬಿಟ್ಟ ಮೇಲೆ ಇದೇ ಮೊದಲು. ಸಾಯುವಷ್ಟು ನಾಚಿಕೆಯಾಯಿತು, ಆದರೆ ಉತ್ತರ ಸರಿಯಿತ್ತೇ ಇಲ್ಲವೇ ಎಂದು ತಿಳಿಯುವ ಕಾತರ ಅದಕ್ಕಿಂತ ಹೆಚ್ಚಾಗಿತ್ತು. ಅವಳು ಮಕ್ಕಳ ಕಡೆ ತಿರುಗಿದ್ದಳು. “ಸರ್ ಹೇಳಿದ್ದು ಸರಿನಾ? ಯಾರೂ ಇಲ್ವಾ? ಹಾಗಾದ್ರೆ ಹೆಡ್‌ಮಿಸ್ ಯಾರಿಗೆ ಉತ್ತರ ಕೊಡ್ಬೇಕು?” ಕಿಟಕಿಯ ಹುಡುಗಿ ಈ ಸಲ ಎದ್ದು, ನಡೆದು ಬಂದು, ಸೀಮೆಸುಣ್ಣ ತೆಗೆದುಕೊಂಡು ಬರೆದಳು: ‘ನಮಗೆ ಚಿಲಕ ಬೇಕು. ಕೇಳುತ್ತಿರುವುದು ಎಂಟನೇ ತರಗತಿಯ ಹುಡುಗಿಯರು.’ ಒಬ್ಬ ಹುಡುಗ, ‘ಹುಡುಗರೂ’ ಎಂದು ಸೇರಿಸಬಹುದಾ ಎಂದು ಕೇಳಿದ. ಗಂಟೆ ಹೊಡೆಯಿತು. ಪುನರಾವರ್ತನೆಯೂ ಆಗಲಿಲ್ಲ, ಮನೆಗೆಲಸವೂ ಕೊಡಲಿಲ್ಲ. ಮಕ್ಕಳು ಅರ್ಜಿ ಹಿಡಿದುಕೊಂಡು ಆಗಲೇ ಆಫೀಸಿನ ಕಡೆ ಹೊರಟಿದ್ದರು.

ಪರೀಕ್ಷಕಿ ಎಂಬತ್ತೊಂದು ಹಾಕಿದಳು. ಅವನೂ ಎಂಬತ್ತೊಂದು ಬರೆದ. ಅವಳ ಬಸ್ಸು ತಪ್ಪಿತ್ತು, ಮುಂದಿನದಕ್ಕೆ ಓಡಿದಳು. ಆ ವಾರವೇ ಕಾಲೇಜಿನ ಪ್ರಾಂಶುಪಾಲರು ಅವನನ್ನು ಕರೆಸಿ, “ಏನ್ರೀ ಇದು, ನನಗೆ ಪಾಠ ಮಾಡೋಕೆ ಬರಲ್ಲ ಅಂತ ಸಹಿ ಹಾಕಿ ಕೊಟ್ಟಿದೀರಿ! ತಪಾಸಣೆಯೋರು ನೋಡಿದ್ರೆ ಕಾಲೇಜಿನ ಗತಿ ಏನು?” ಎಂದರು. ಅವನು ಆ ಕ್ಷಣಕ್ಕಾಗಿ ಎರಡು ದಿನದಿಂದ ಹೆದರಿ, ಹೆದರಿಕೆಯಲ್ಲೇ ಸ್ವಲ್ಪ ಹೆಮ್ಮೆಯನ್ನೂ ಸಾಕಿಕೊಂಡಿದ್ದ. “ನಿಜಾನೇ ಬರ್ದಿದ್ದು ಸರ್,” ಎಂದ. “ನಿಜ ಅಂತ ನನಗೂ ಗೊತ್ತು ಕಣ್ರೀ, ಬರೆಯೋದು ಯಾಕೆ?” ಎಂದು ಪ್ರಾಂಶುಪಾಲರು ಬೇಸರದಿಂದ ಕಾಗದವನ್ನು ಗುಮಾಸ್ತನಿಗೆ ಕೊಟ್ಟರು. ಗುಮಾಸ್ತ ಅದರ ಚೊಕ್ಕ ಪ್ರತಿ ತೆಗೆದ: ‘ತಾಂತ್ರಿಕ ಕಾರಣಗಳಿಂದ ಮರುಪಾಠವನ್ನು ಏರ್ಪಡಿಸಲಾಯಿತು.’ ಅವನು ಆಯುಷ್ಯದಲ್ಲಿ ಬರೆದ ಮೂರು ಒಳ್ಳೆಯ ವಾಕ್ಯಗಳು ಕಸದ ಬುಟ್ಟಿಗೆ ಹೋದವು. ಎಲ್ಲೂ ಏನೂ ಆಗಲಿಲ್ಲ.

ದೊಡ್ಡಕ್ಕ ನಲವತ್ತು ಪಾಠಯೋಜನೆಗಳ ಕಟ್ಟನ್ನು ಕಾಲೇಜಿಗೆ ಒಪ್ಪಿಸಲು ಬಂದಾಗ ಅವನ ಕೋಣೆಯ ಬಾಗಿಲಲ್ಲಿ ನಿಂತಳು. ಒಳಗೆ ಬರಲಿಲ್ಲ. ಕೃತಜ್ಞತೆಯೂ ಇರಲಿಲ್ಲ, ಸಿಟ್ಟೂ ಇದ್ದಂತಿರಲಿಲ್ಲ. “ಸೋಮವಾರದಿಂದ ನಾನು ಇಲ್ಲಿಗೆ ಬರ್ಬೇಕಾಗಿಲ್ಲ ಅಲ್ವಾ ಸರ್?”

“ಬೇಕಾಗಿಲ್ಲ.”

“ನಮ್ಮಲ್ಲಿ ಎಂಟನೇ ಕ್ಲಾಸಿಗೆ ಮೂರನೇ ಪೀರಿಯಡ್ ಭಾಷೆ ಮೇಡಂ ಇಲ್ಲ. ಹೆರಿಗೆ ರಜೆ. ಮಕ್ಕಳು ಸುಮ್ನೆ ಕೂತಿರ್ತಾರೆ.” ಅವಳು ಕಟ್ಟನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು. “ನಿಮಗೆ ಬರಲ್ಲ ಅಂತ ಬರ್ದಿದ್ರಂತೆ. ಆ ಮೇಡಂ ಹೇಳಿದ್ರು. ಬರಲ್ಲ ಅನ್ನೋರಿಗೆ ನಾನು ಹೇಳ್ಕೊಡಬಲ್ಲೆ. ಬರುತ್ತೆ ಅನ್ನೋರಿಗೆ ಕಷ್ಟ.”

ಅವನು ನೋಡೋಣ ಎಂದ. ಹಾಗೆಂದರೆ ಇಲ್ಲ ಎಂದು ಅವನ ಹೆಂಡತಿಗೆ ಗೊತ್ತಿತ್ತು, ಮಗಳಿಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಭಾನುವಾರ ಇಡೀ ದಿನ ಅವನು ಹೋಗದಿರಲು ಕಾರಣಗಳನ್ನು ಹುಡುಕಿದ, ಎಲ್ಲವೂ ಒಳ್ಳೆಯ ಕಾರಣಗಳಾಗಿದ್ದವು. ಸೋಮವಾರ ಹತ್ತೂಮುಕ್ಕಾಲಿಗೆ, ಆ ಒಳ್ಳೆಯ ಕಾರಣಗಳ ನಡುವೆ ಹೇಗೆ ದಾರಿ ತಪ್ಪಿತೋ, ಎಂಟನೇ ತರಗತಿಯ ಬಾಗಿಲ ಹೊರಗೆ ನಿಂತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಒಳಗೆ ಸಂತೆಯ ಗದ್ದಲ. ಕಾಲುಗಳು ಬಂದ ದಾರಿಯ ಕಡೆಗೇ ತಿರುಗಿದ್ದವು. ಆಗ ಬಾಗಿಲು ತೆರೆದುಕೊಂಡಿತು, ಅರ್ಜಿ ಬರೆದ ಆ ಹುಡುಗಿ, ಎಲ್ಲಿಗೋ ಹೊರಟವಳು, ಅವನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಅವನ ಖಾಲಿ ಕೈಗಳನ್ನು ನೋಡಿದಳು. ಅವಳ ಹಿಂದೆ ಗದ್ದಲ ಸಾಲು ಸಾಲಾಗಿ ನಿಂತುಹೋಯಿತು.

“ಸರ್, ನೀವು ನೋಡೋಕೆ ಬಂದಿದ್ದಾ,” ಎಂದು ಕೇಳಿದಳು, “ಮಾಡೋಕೆ ಬಂದಿದ್ದಾ?”

ಅವಳು ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದ್ದಳು. ಉತ್ತರಕ್ಕೆ ಕಾಯುತ್ತ ನಿಂತಳು.